ಗ್ರಿಲ್ಲಿನ ಹೊಟ್ಟೆಯ ಬೂದಿ

ಆರು ವರ್ಷದ ಹಿಂದೆ ಸೊರಬದ ಭಾವ, ಅಂದರೆ ನನ್ನ ಅಕ್ಕನ ಗಂಡ, ಮತ್ತು ನಾನು ಒಂದೇ ಅಂಗಡಿಯಲ್ಲಿ ಒಂದೇ ನಮೂನೆಯ ಎರಡು ಇದ್ದಿಲ ಗ್ರಿಲ್ ಕೊಂಡೆವು. ಮೂರು ಕಾಲು, ತಗಡಿನ ಹೊಟ್ಟೆ, ಮೇಲೊಂದು ಜಾಲರಿ. ಭಾವ ತಮ್ಮದನ್ನು ಅಂಗಳದಲ್ಲಿ ಎಲ್ಲೆಂದರಲ್ಲಿ ಬಿಟ್ಟರು. ನಾನು ಶಿಕಾರಿಪುರದ ಮನೆಯ ಹಿತ್ತಲಲ್ಲಿ ನನ್ನದಕ್ಕೆ ತಾಡಪಾಲು ಹೊದಿಸಿ, ಜಾಲರಿಗೆ ಎಣ್ಣೆ ಸವರಿ ಸಾಕಿದೆ. ಮೋಡ ಕಂಡರೆ, ತಾಡಪಾಲು ಸರಿಯಾಗಿ ಮುಚ್ಚಿದೆಯಾ ಎಂದು ಕಚೇರಿಯಿಂದ ಹೆಂಡತಿಗೆ ಫೋನ್ ಮಾಡುತ್ತಿದ್ದೆ. "ಮಕ್ಕಳು ಸಣ್ಣವರಿದ್ದಾಗ ಒಂದಿನಾನೂ ಹಿಂಗ್ ಕೇಳಿಲ್ಲ ನೀವು," ಎನ್ನುತ್ತಿದ್ದಳು.

ಸೊರಬಕ್ಕೆ ಹೋದಾಗಲೆಲ್ಲ ಭಾವನಿಗೆ ನನ್ನ ಉಪದೇಶ ತಪ್ಪಿದ್ದಲ್ಲ: "ಹಿಂಗೆ ಬಿಟ್ರೆ ಎರಡು ಮಳೆಗಾಲ ತಡೆಯಲ್ಲ ಭಾವ. ನನ್ನದು ನೋಡಿ, ಮೊಮ್ಮಕ್ಕಳ ಕಾಲಕ್ಕೂ ಇರತ್ತೆ."

ಕಳೆದ ತಿಂಗಳು ಒಂದು ಶನಿವಾರ, ಮರುದಿನ ಅಕ್ಕ-ಭಾವ ಸುಟ್ಟ ಮೆಕ್ಕೆಜೋಳ ತಿನ್ನಲು ಬರುತ್ತಾರೆಂದು ತಾಡಪಾಲು ತೆಗೆದು ತಳ ಒರೆಸಲು ಹೋದೆ. ತುಕ್ಕು ತಿಂದ ತಗಡಿನೊಳಗಿಂದ ಬೆರಳು ಆಚೆ ಬದಿಗೆ ಹೊರಬಂತು. ತೂತಿಗಿಂತ ಮೊದಲು ನನ್ನ ಕಣ್ಣ ಮುಂದೆ ಬಂದದ್ದು ಭಾವನ ನಗು.

ಮರ್ಯಾದೆ ಉಳಿಸಿಕೊಳ್ಳಬೇಕಿತ್ತು. ಮಾಡಿನ ಒಡಕು ಹಂಚೊಂದನ್ನು ತೂತಿನ ಮೇಲಿಟ್ಟು, ಬೂದಿ ಹರಡಿ, ಇದ್ದಿಲು ಸುರಿದೆ. "ಹೇಳಿಬಿಡ್ರೀ, ಮನೆಯವರೇ ಅಲ್ವ," ಎಂದಳು ಹೆಂಡತಿ. ಬಾಯಿ ಬಿಡುವುದಿಲ್ಲವೆಂದು ಅವಳಿಂದ ಮಾತು ತೆಗೆದುಕೊಂಡೆ.

ಭಾನುವಾರ ಭಾವ ಸ್ಟೂಲ್ ಎಳೆದುಕೊಂಡು ಗ್ರಿಲ್ಲಿನ ಪಕ್ಕದಲ್ಲೇ ಕೂತರು. ಮೂರನೆಯ ತೆನೆ ತಿರುಗಿಸುವಾಗ ಹಂಚು ಟಪ್ಪೆಂದು ಸಿಡಿದು, ಕೆಂಡದ ಸಮೇತ ಅವರ ಚಪ್ಪಲಿಯ ಪಕ್ಕ ಬಿತ್ತು. ಭಾವ ಕಾಲು ಸರಿಸಿದರು. ಬಗ್ಗಿ ತೂತು ನೋಡಿದರು.

"ಬೂದಿ ಎಲ್ಲಿ ಸುರೀತೀಯ ಮಾರಾಯ?"

"ಸುರಿಯಲ್ಲ. ಒಲೆ ಬರಿದು ಬಿಡಬಾರದು ಅಂತ ಅಮ್ಮ ಹೇಳ್ತಿದ್ಲಲ್ಲ. ಒಂದಿಷ್ಟು ಒಳಗೇ ಇರತ್ತೆ."

"ಅದು ಮಣ್ಣಿನ ಒಲೆಗಾತು. ಇದು ತಗಡು. ಬೂದಿ ಥಂಡಿ ಎಳೀತದೆ, ನೀನು ಮೇಲಿಂದ ತಾಡಪಾಲು ಬೇರೆ ಹೊದಿಸ್ತೀಯ. ಬೆವತು ಬೆವತು ಸತ್ತದೆ, ಪಾಪ."

"ನಿಮ್ಮದು?"

"ಗಟ್ಟಿ ಇದೆ. ಕೋಳಿ ಒಳಗೆ ಮೊಟ್ಟೆ ಇಡ್ತದೆ ಅಂತ ನಿನ್ನಕ್ಕ ಪ್ರತಿ ಸಲ ಬೂದಿ ಕೊಡವಿ ಕವುಚಿ ಹಾಕ್ತಾಳೆ. ನಾನೆಂಥ ಮಾಡಿಲ್ಲ."

ಅಕ್ಕ ತಲೆಯೆತ್ತದೆ ತೆನೆ ಕಡಿಯುತ್ತಿದ್ದಳು. "ಆರು ವರ್ಷ ಇವನ ಭಾಷಣ ಕೇಳ್ಕೊಂಡೇ ಬೂದಿ ಕೊಡವಿದೋಳು ನಾನು," ಎಂದಳು.

ಕೊಟ್ಟ ಮಾತಿಗೆ ಅಲ್ಲಿಯವರೆಗೆ ತುಟಿ ಬಿಗಿಹಿಡಿದಿದ್ದ ನನ್ನ ಹೆಂಡತಿ ನಕ್ಕುಬಿಟ್ಟಳು. ನಾನೂ ನಕ್ಕೆ, ಸ್ವಲ್ಪ ತಡವಾಗಿ. ಉಳಿದ ತೆನೆಗಳನ್ನು ಇಟ್ಟಿಗೆ ಜೋಡಿಸಿ, ನಡುವೆ ಕೆಂಡ ಹಾಕಿ, ಮೇಲೆ ಜಾಲರಿ ಇಟ್ಟು ಸುಟ್ಟೆವು. ಜಾಲರಿ ಮಾತ್ರ ಹೊಸದರ ಹಾಗೇ ಇತ್ತು. ಅದನ್ನು ಎರಡು ಸಲ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಜೆ ಅವರ ಕಾರು ಹೊರಟಾಗ ಹಿಂದಿನ ಎಡಗಡೆಯ ಟೈರಿನಲ್ಲಿ ಗಾಳಿ ಕಡಿಮೆ ಇದ್ದಂತೆ ಕಂಡಿತು. ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಕೈ ಬೀಸಿದೆ, ಅಷ್ಟೇ. ಸೊರಬ ಮುಟ್ಟಿದೆವೆಂದು ಅವರ ಫೋನ್ ಬರುವವರೆಗೆ ಕೂತಲ್ಲಿ ಕೂರಲಿಲ್ಲ.