ಬೆವರದ ಮಗಳು, ಸುಮ್ಮನಾದ ಎಸಿ

ನನ್ನ ಮಗಳು ಬೆವರುವುದಿಲ್ಲ. ಹುಟ್ಟುವಾಗಲೇ ಅವಳ ಮೈಯಲ್ಲಿ ಬೆವರಿನ ಗ್ರಂಥಿಗಳಿರಲಿಲ್ಲ. ಸ್ವಲ್ಪ ಹೊತ್ತು ಬಿಸಿಲಿನಲ್ಲಿ ನಿಂತರೆ ಬೇರೆಯವರಿಗೆ ಬೆವರು ಬರುತ್ತದೆ, ಅವಳಿಗೆ ಜ್ವರ ಏರುತ್ತದೆ. ಚಿಕ್ಕವಳಿದ್ದಾಗ ಹಾಗೆ ಏರಿದ ಜ್ವರಕ್ಕೆ ಫಿಟ್ಸ್ ಬಂದು ಮೈಸೂರಿನ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದೆವು. ಅಲ್ಲಿಂದ ಬಂದ ಮೇಲೆ ನಾನು ಕಾರು ಓಡಿಸುವುದನ್ನು ಕಲಿತೆ. ನಮ್ಮ ಮನೆ ತಿ. ನರಸೀಪುರದಲ್ಲಿ, ನನ್ನ ಕಚೇರಿ ನಂಜನಗೂಡಿನಲ್ಲಿ. ಏನಾದರೂ ಆದರೆ ಓಡಿಹೋಗಲು ಹತ್ತಿರವಿರಲಿ ಎಂದು ಅವಳನ್ನೂ ಅಲ್ಲಿಯ ಶಾಲೆಗೇ ಸೇರಿಸಿದ್ದೆ. ದಿನಾ ಎಸಿ ಹಾಕಿಕೊಂಡು ಹೋಗಿ ಬರುತ್ತಿದ್ದೆವು.

ಹತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂದಾಗ ಎಸಿ ಕೈಕೊಟ್ಟಿತು. ಗಾಳಿ ಬರುತ್ತಿತ್ತು, ತಂಪು ಬರುತ್ತಿರಲಿಲ್ಲ. ನಮ್ಮೂರಿನ ಗ್ಯಾರೇಜಿನವನು ಸ್ಕ್ಯಾನರ್ ಹಾಕಿ ನೋಡಿದ.

"ಸೆನ್ಸರ್ ಮಾತಾಡ್ತಿಲ್ಲ ಮೇಡಂ. ಗ್ಯಾಸಿನ ಪ್ರೆಷರ್ ಎಷ್ಟದೆ ಅಂತ ಅದು ಹೇಳ್ದಿದ್ರೆ ಕಾರಿನ ಕಂಪ್ಯೂಟ್ರು ತಂಪು ಮಾಡೋ ಕಂಪ್ರೆಸರ್ ಆನ್ ಮಾಡಕ್ಕಿಲ್ಲ" ಎಂದ.

ಮೈಸೂರಿನಿಂದ ಹೊಸ ಸೆನ್ಸರ್ ತರಿಸಿ ಹಾಕಿದ. ಮೂರು ದಿನ ಚೆನ್ನಾಗಿತ್ತು, ನಾಲ್ಕನೆಯ ದಿನ ಮತ್ತೆ ಅದೇ ತೊಂದರೆ. ಎರಡನೆಯ ಗ್ಯಾರೇಜಿನವನು, ಕಂಪ್ಯೂಟರೇ ಹೋಗಿದೆ, ಹೊಸದು ಬರಲು ಹತ್ತು ದಿನವಾಗುತ್ತದೆ ಎಂದ. ಪರೀಕ್ಷೆ ಸೋಮವಾರ ಇತ್ತು.

ಶನಿವಾರ ಬೆಳಿಗ್ಗೆ ಎಸಿ ತಾನಾಗಿಯೇ ತಣ್ಣಗೆ ಬೀಸತೊಡಗಿತು. ಅದನ್ನು ನಂಬಿ ಹಾಲ್ ಟಿಕೆಟ್ ತರಲು ಮಗಳನ್ನು ಕರೆದುಕೊಂಡು ಹೋದೆ. ವಾಪಸು ಬರುವಾಗ ನಡುಮಧ್ಯಾಹ್ನ, ಅರ್ಧ ದಾರಿಯಲ್ಲಿ ಎಸಿ ಮತ್ತೆ ನಿಂತುಹೋಯಿತು. ಕಿಟಕಿ ಇಳಿಸಿದರೆ ಒಲೆಯ ಬಾಯಿ ತೆರೆದಂತೆ ಗಾಳಿ. ಅವಳ ಮುಖ ಕೆಂಪಾಯಿತು. ಏನೋ ಕೇಳಿದರೆ ಉತ್ತರ ತೊದಲಿ ಬಂತು.

ರಸ್ತೆ ಬದಿಯ ಗದ್ದೆಯಲ್ಲಿ ಪಂಪ್‌ಸೆಟ್ ಓಡುತ್ತಿತ್ತು. ಕಾರು ನಿಲ್ಲಿಸಿ, ಅವಳನ್ನು ಬದುವಿನ ಮೇಲೆ ಹೆಚ್ಚುಕಡಿಮೆ ಎಳೆದುಕೊಂಡೇ ಹೋಗಿ ನೀರು ಬೀಳುವ ತೊಟ್ಟಿಯಲ್ಲಿ ಕೂರಿಸಿದೆ. ಅವಳ ತಲೆ ನನ್ನ ತೋಳಿನ ಮೇಲಿತ್ತು. ದೇವರ ಹೆಸರು ಕೂಡ ಬಾಯಿಗೆ ಬರಲಿಲ್ಲ. "ಕಣ್ಣು ಬಿಡು, ಕಣ್ಣು ಬಿಡು" ಎಂದಷ್ಟೇ ಹೇಳುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಮೈ ತಣ್ಣಗಾಯಿತು.

"ಅಮ್ಮ, ನಾನು ಪರೀಕ್ಷೆ ಬರೆಯಲ್ಲ. ನಿಂಗೆ ತುಂಬಾ ಕಷ್ಟ ಆಯ್ತದೆ" ಎಂದಳು.

ನಾನು ಅತ್ತದ್ದು ಆಗ.

ಒದ್ದೆ ಬಟ್ಟೆಯಲ್ಲೇ ಅವಳನ್ನು ಕೂರಿಸಿಕೊಂಡು ಕಾರನ್ನು ನಂಜನಗೂಡಿಗೇ ತಿರುಗಿಸಿದೆ. ಪೇಟೆಯ ಹೊರಗೆ ಲಾರಿ, ಟ್ರ್ಯಾಕ್ಟರುಗಳ ವೈರಿಂಗ್ ಮಾಡುವ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರ ಅಂಗಡಿಯಿತ್ತು. ದಿನಾ ಬೋರ್ಡು ನೋಡುತ್ತಿದ್ದೆ, ಅಷ್ಟೇ ಪರಿಚಯ. ಮಗಳ ಸ್ಥಿತಿ ಹೇಳಿದಾಗ ಅವರು ಮೊದಲು ಕಾರಿನ ಕಡೆಗೆ ನೋಡಲೇ ಇಲ್ಲ. ಒಳಗಿನ ಕೋಣೆಯಲ್ಲಿ ಕೂಲರ್ ಹಾಕಿ ಚಾಪೆ ಹಾಸಿಕೊಟ್ಟರು.

ಎರಡು ಗಂಟೆ ಹುಡುಕಿದರು. ಸೆನ್ಸರಿನ ಪ್ಲಗ್ ಬಿಚ್ಚಿ ಮೀಟರಿನಲ್ಲಿ ಒಂದೊಂದೇ ವೈರು ನೋಡಿದರು. ಎಲ್ಲದರಲ್ಲೂ ಕರೆಂಟು ಸರಿಯಾಗಿತ್ತು. ಅಷ್ಟರಲ್ಲಿ ಎಸಿಯೂ ತಣ್ಣಗೆ ಬೀಸತೊಡಗಿತ್ತು. ಕೆಟ್ಟಿದ್ದರೆ ಹುಡುಕಬಹುದು, ಚೆನ್ನಾಗಿರುವುದರಲ್ಲಿ ಏನು ಹುಡುಕುತ್ತಾರೆ? ಇಲ್ಲಿಂದಲೂ ಬರಿಗೈಯಲ್ಲಿ ಹೋಗುತ್ತೇನೆ ಎಂದುಕೊಂಡು ಸ್ಟೂಲಿನ ಮೇಲೆ ಕುಳಿತಿದ್ದೆ.

"ಎಸಿ ನಿಲ್ಲೋದು ಯಾವಾಗ ಮೇಡಮ್ಮೋರೆ? ಗ್ಯಪ್ತಿ ಮಾಡ್ಕಳಿ" ಎಂದರು.

ಯೋಚಿಸಿದೆ. ಮಧ್ಯಾಹ್ನ ನಿಂತದ್ದು ರಸ್ತೆಯ ಒಂದು ಹಂಪ್ ಹಾರಿದ ಕೂಡಲೇ. ಹಿಂದಿನ ಸಲವೂ ಹಾಗೇ.

"ಅಂಗಾರೆ ಸೆನ್ಸರ್ರೂ ಅಲ್ಲ, ಕಂಪ್ಯೂಟ್ರೂ ಅಲ್ಲ. ಎಲ್ಲೋ ವೈರು ಅಲ್ಲಾಡ್ತಾದೆ. ನೀವು ಒಳಗ್ ಕೂತ್ಕಂಡು ಸ್ಕ್ಯಾನರ್ ನೋಡ್ತಾ ಇರಿ. ಅಂಕಿ ಹೋದ್ರೆ ಕೂಗಿ."

ಅವರು ಕೊಟ್ಟ ಸ್ಕ್ಯಾನರಿನ ಪರದೆಯಲ್ಲಿ ಗ್ಯಾಸಿನ ಒತ್ತಡದ ಅಂಕಿ ಕಾಣುತ್ತಿತ್ತು. ಅವರು ಬಾನೆಟ್ಟಿನೊಳಗೆ ವೈರಿನ ಕಟ್ಟನ್ನು ಗೇಣು ಗೇಣಾಗಿ ಅಲ್ಲಾಡಿಸುತ್ತಾ ಬಂದರು. ರೆಪ್ಪೆ ಬಡಿಯಲೂ ನನಗೆ ಹೆದರಿಕೆ. ಎಡಗಡೆಯ ಹೆಡ್‌ಲೈಟಿನ ಹತ್ತಿರ ಬಂದಾಗ ಅಂಕಿ ಮಾಯವಾಗಿ ಬರೀ ಗೆರೆ ಬಂತು.

"ಹೋಯ್ತು" ಎಂದೆ. ಕೈಬಿಟ್ಟರು, ಅಂಕಿ ಬಂತು. ಮತ್ತೆ ಒತ್ತಿದರು, ಹೋಯಿತು.

ಬಂಪರ್ ಬಿಚ್ಚಿ ನನ್ನನ್ನು ಕರೆದು ತೋರಿಸಿದರು. ವೈರಿನ ಕಟ್ಟು ಕಬ್ಬಿಣದ ಪಟ್ಟಿಯ ಅಂಚಿಗೆ ಉಜ್ಜಿ ಉಜ್ಜಿ ಒಂದು ವೈರಿನ ಸಿಪ್ಪೆ ಹರಿದಿತ್ತು. ಒಳಗಿನ ತಾಮ್ರ ಹಸಿರುಗಟ್ಟಿ ಎರಡೇ ಎಳೆ ಉಳಿದಿತ್ತು.

"ಇಲ್ಲಿ ವೈರು ಹಿಡ್ಕಳಕ್ಕೆ ಒಂದು ಕ್ಲಿಪ್ಪಿರ್ಬೇಕಿತ್ತು, ಇಲ್ಲ. ಬಂಪರ್ ಯಾವಾಗ್ಲಾದ್ರೂ ಬಿಚ್ಚಿಸಿದ್ರಾ?"

ಬಿಚ್ಚಿಸಿದ್ದೆ. ದೀಪಾವಳಿಯ ಸಮಯದಲ್ಲಿ ಕಾರು ಒಳಗೆ ಹಾಕುವಾಗ ನಾನೇ ಗೇಟಿನ ಕಂಬಕ್ಕೆ ತಾಗಿಸಿದ್ದೆ. ಮನೆಯಲ್ಲಿ ಯಾರಿಗೂ ಹೇಳದೆ ಗಡಿಬಿಡಿಯಲ್ಲಿ ಬಂಪರ್ ಸರಿಮಾಡಿಸಿದ್ದೆ; ಕ್ಲಿಪ್ ಆಗಲೇ ಬಿಟ್ಟುಹೋಗಿರಬೇಕು. ತೊಟ್ಟಿಯಲ್ಲಿ ತೋಳಿನ ಮೇಲೆ ವಾಲಿದ ತಲೆ ನೆನಪಾಯಿತು. ಅವರು ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ. ಕೆಟ್ಟ ತುಂಡನ್ನು ಕತ್ತರಿಸಿ, ಹೊಸ ವೈರು ಬೆಸೆದು, ಮೇಲೆ ರಬ್ಬರ್ ಕೊಳವೆ ಹಾಕಿ ಪಟ್ಟಿಯಿಂದ ದೂರಕ್ಕೆ ಕಟ್ಟಿದರು. ಆಮೇಲೆ ತಾವೇ ಪಕ್ಕದಲ್ಲಿ ಕುಳಿತು, ನನ್ನ ಕೈಯಿಂದ ಕಾರನ್ನು ಹತ್ತಿರದ ಹಂಪಿನ ಮೇಲೆ ಆರು ಸಲ ಹಾರಿಸಿದರು. ಅಂಕಿ ಹೋಗಲಿಲ್ಲ.

ಸೋಮವಾರ ಮಗಳಿಗೆ ಒದ್ದೆ ಬನಿಯನ್ನಿನ ಮೇಲೆ ಯೂನಿಫಾರ್ಮ್ ಹಾಕಿಸಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ನನ್ನ ಒಂದು ಕೈ ಎಸಿಯ ಕಿಂಡಿಯ ಮುಂದೆಯೇ ಇತ್ತು. ಅವಳು ಪರೀಕ್ಷೆ ಬರೆಯುವಷ್ಟು ಹೊತ್ತೂ ಗೇಟಿನ ಹೊರಗೆ ಕಾರಿನಲ್ಲಿ ಕಾದೆ. ಬೆಲ್ಲು ಹೊಡೆಯುವ ಮೊದಲೇ ಒಳಗೆಲ್ಲ ತಂಪು ಮಾಡಿಟ್ಟಿದ್ದೆ. ಬಂದವಳು ಮುಖವನ್ನು ಗಾಳಿಗೆ ಒಡ್ಡಿ ಕಣ್ಣು ಮುಚ್ಚಿದಳು. ವ್ಯಾಕರಣ ಸ್ವಲ್ಪ ಕಷ್ಟವಿತ್ತು ಎಂದಳು. ಗೇಟಿನ ಕಂಬದ ವಿಷಯ ಅವಳಿಗೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳಿಗೆ ನಿದ್ದೆ ಬಂದಿತ್ತು.