ಭಾವ ಬರೆಯದೆ ಬಿಟ್ಟ ಪುಟಗಳು

ನಮ್ಮ ಭಾವ ಕಾಲೇಜಿನಲ್ಲಿ ಗಣಿತದ ತಾತ್ಕಾಲಿಕ ಮೇಷ್ಟ್ರು. ಹನ್ನೊಂದು ವರ್ಷದಿಂದ ಒಂದೇ ಪ್ರಬಂಧಕ್ಕೆ ಜೋತುಬಿದ್ದಿದ್ದರು. ಆ ವರ್ಷ ಡಾಕ್ಟರೇಟ್ ಸಿಕ್ಕರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ ದಾರಿ. ವಯಸ್ಸು ನಲವತ್ತೊಂಬತ್ತು, ಬೇರೆಲ್ಲೂ ಕರೆದು ಕೆಲಸ ಕೊಡುವವರಿರಲಿಲ್ಲ.

ಅಕ್ಕ ಅವರನ್ನು ‘ಬೇಲಿ ಮೇಷ್ಟ್ರು’ ಎಂದು ಛೇಡಿಸುತ್ತಿದ್ದಳು. ಅವರ ಟೋಪಾಲಜಿ ಎಂಬ ಗಣಿತವೆಲ್ಲ ಬೇಲಿಯದೇ ವಿಚಾರ. ಒಂದು ಜಾಗದ ಯಾವ ಎರಡು ಬಿಂದುಗಳನ್ನು ತೆಗೆದುಕೊಂಡರೂ, ಒಂದೊಂದರ ಸುತ್ತಲೂ ಇನ್ನೊಂದನ್ನು ಹೊರಗಿಡುವ ಬೇಲಿ ಹಾಕಲಾದರೆ ಆ ಜಾಗ ಮೊದಲ ಮೆಟ್ಟಿಲು ಹತ್ತಿದಂತೆ. ಆ ಎರಡು ಬೇಲಿಗಳ ಒಳಗೆ ಒಂದಿಷ್ಟೂ ಜಾಗ ಹಂಚಿಕೆಯಾಗದಿದ್ದರೆ ಎರಡನೆಯದು. ಅಂಚೂ ಸೇರಿದ ಬಿಂದುಗಳ ಒಂದು ಗುಂಪನ್ನೂ ಅದರಾಚೆಯ ಒಂದು ಬಿಂದುವನ್ನೂ ಹಾಗೆ ಬೇರ್ಪಡಿಸಿದರೆ ಮೂರನೆಯದು, ಒಂದಕ್ಕೊಂದು ತಾಗದ ಅಂಥ ಎರಡು ಗುಂಪುಗಳನ್ನೇ ಬೇರ್ಪಡಿಸಿದರೆ ನಾಲ್ಕನೆಯದು. ಮೇಲಿನ ಮೆಟ್ಟಿಲು ಹತ್ತಿದ ಜಾಗಕ್ಕೆ ಕೆಳಗಿನವೆಲ್ಲ ದಕ್ಕಿರುತ್ತವೆ; ಕೆಳಗಿದ್ದರೆ ಮೇಲಿನದರ ಭರವಸೆಯಿಲ್ಲ. ಎರಡು ಜಾಗಗಳನ್ನು ಗುಣಿಸಿದಾಗ, ಅಂದರೆ ಒಂದರ ಪ್ರತಿ ಬಿಂದುವಿಗೂ ಇನ್ನೊಂದರ ಪ್ರತಿ ಬಿಂದುವನ್ನು ಜೋಡಿಸಿ ಹೊಸ ಜಾಗ ಮಾಡಿದಾಗ, ಮೊದಲ ಮೂರು ಮೆಟ್ಟಿಲು ಉಳಿಯುತ್ತವೆ, ನಾಲ್ಕನೆಯದು ಕುಸಿಯುವುದುಂಟು. ತಾವು ಕಂಡುಕೊಂಡ ಜಾಗಗಳಲ್ಲಿ ಅದೂ ಕುಸಿಯುವುದಿಲ್ಲ ಎಂಬುದು ಭಾವನ ವಾದ.

ಮೌಖಿಕ ಪರೀಕ್ಷೆಗೆ ಒಂದು ವಾರವಿದ್ದಾಗ, ಅಡುಗೆಮನೆಯಲ್ಲಿ ಕೂತು ಅಕ್ಕನಿಗೆ ಪ್ರಬಂಧ ಒಪ್ಪಿಸುತ್ತಿದ್ದರು.

“ಸಾಬೀತಿನ ಮೊದಲ್ನೇ ಭಾಗಕ್ಕೆ ಎಂಟು ಪುಟ ಬರ್ದಿದೀರಿ. ಎರಡ್ನೇದಕ್ಕೆ ಒಂದೇ ಸಾಲಾ?” ತರಕಾರಿ ಹೆಚ್ಚುತ್ತಲೇ ಅಕ್ಕ ಕೇಳಿದಳು.

“ಅದೂ ಹಾಗೇ ಕಣೇ.”

“ಹಾಗೇ ಅಂದ್ರೆ? ಬರ್ದು ತೋರ್ಸಿ ನೋಡೋಣ.”

ಭಾವ ಬರೆಯತೊಡಗಿದರು. ಊಟ ಆರಿ ಹೋಯಿತು. ಮೂರನೇ ದಿನ, ಅವರದೇ ಜಾಗಗಳನ್ನು ಗುಣಿಸಿದಲ್ಲಿ, ಏನು ಮಾಡಿದರೂ ಬೇರ್ಪಡಿಸಲಾಗದ ಎರಡು ಗುಂಪುಗಳು ಅವರ ಕೈಗೇ ಸಿಕ್ಕವು. ಪ್ರಬಂಧ ನೆಲಕಚ್ಚಿತು.

ಪರೀಕ್ಷಕರಿಬ್ಬರೂ ‘ಉತ್ತಮ’ ಎಂದು ಬರೆದು ಕಳಿಸಿಯಾಗಿತ್ತು. ಪುಟ ತಿರುವಿ ಹಾಕಿದ್ದಷ್ಟೇ ಎಂದು ನನ್ನ ಗುಮಾನಿ.

“ಸುಮ್ನಿರಿ ಭಾವ, ಯಾರಪ್ಪನ ಗಂಟು ಹೋಗುತ್ತೆ?” ಎಂದೆ.

ಅವರು ಮಾತ್ರ ಪರೀಕ್ಷೆಯ ದಿನ ಬೋರ್ಡಿನ ಮುಂದೆ ನಿಂತು ತಮ್ಮ ತಪ್ಪನ್ನು ತಾವೇ ಬರೆದು ತೋರಿಸಿದರು. ತಿಂಗಳೊಪ್ಪತ್ತಿನಲ್ಲಿ ಕೆಲಸ ಹೋಯಿತು. ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟಿದೆ.

ಕಾಲೇಜಿನಿಂದ ಪುಸ್ತಕ ಹೊತ್ತು ತಂದ ದಿನ ಅಕ್ಕ ಗೋಳೋ ಎಂದು ಅತ್ತಳು. “ಹಾಳು ಬಾಯಿ ನಂದು. ನಾನು ಕೇಳ್ದೇ ಇದ್ದಿದ್ರೆ...”

“ಹನ್ನೊಂದು ವರ್ಷದಲ್ಲಿ ಅದನ್ನ ಸರಿಯಾಗಿ ಓದಿದವಳು ನೀನೊಬ್ಳೇ ಕಣೇ,” ಎಂದರು ಭಾವ.

ಸಮಾಧಾನಕ್ಕೆಂದೇ ಆಡಿದ ಮಾತು ಅದು. ಅಲ್ಲಿಂದಾಚೆಗೆ ಅಕ್ಕ ಅವರನ್ನು ಏನನ್ನೂ ಕೇಳಿಲ್ಲ, ಊಟಕ್ಕೆ ಏನು ಮಾಡಲಿ ಎಂದು ಕೂಡ.