ಇಲಿಗಳಿಗೆ ಮೀಸಲಾದ ಪುಡಿ

ಪ್ರಯೋಗಾಲಯಗಳಿಗೆ ರಾಸಾಯನಿಕ ಒದಗಿಸುವ ಅವನನ್ನು ಗಿರಾಕಿಗಳು ಸೀಸೆ ಸಾಹುಕಾರ ಎಂದೇ ಕರೆಯುತ್ತಿದ್ದರು. ಸಾಹುಕಾರನಿಗಿದ್ದ ಗೋದಾಮು ಎಂದರೆ ಅಡುಗೆಮನೆಯ ಫ್ರಿಜ್ಜು. ಮೇಲಿನ ಖಾನೆ ಸಂಶೋಧನೆಗೆ, ಕೆಳಗಿನದು ಸಂಸಾರಕ್ಕೆ. ನಾಲಿಗೆ ಮಾತ್ರ ದೊಡ್ಡ ಅಂಗಡಿಯವರದ್ದು. ಹೊಸದಾಗಿ ಬಂದ ಬಿಳಿ ಪುಡಿಯನ್ನು ಫೋನಿನಲ್ಲಿ ಹೊಗಳಿದ್ದೇ ಹೊಗಳಿದ್ದು: ಬಾವು ಎಬ್ಬಿಸುವ ಕಿಣ್ವವನ್ನಷ್ಟೇ ಹುಡುಕಿ ಕತ್ತು ಹಿಡಿಯುತ್ತದೆ, ಹೊಟ್ಟೆ ಕಾಯುವ ಕಿಣ್ವದ ತಂಟೆಗೇ ಹೋಗುವುದಿಲ್ಲ, ಕಾಲು ಊದಿದ ಇಲಿಗಳು ಎದ್ದು ಓಡಾಡಿವೆ.

ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಕ್ಕ ಇದನ್ನೆಲ್ಲ ಕೇಳಿಸಿಕೊಂಡಳು. ಅವಳ ಬೆರಳ ಗೆಣ್ಣುಗಳು ಊದಿ, ಕತ್ತರಿಯ ಹಿಡಿಯೊಳಗೆ ಹೆಬ್ಬೆರಳು ತೂರುತ್ತಿರಲಿಲ್ಲ. ಡಾಕ್ಟರು ಕೊಟ್ಟ ಮಾತ್ರೆ ನೋವನ್ನು ಮುಟ್ಟುವ ಮೊದಲೇ ಹೊಟ್ಟೆಯಲ್ಲಿ ಹುಣ್ಣು ಮಾಡಿತ್ತು. ಬದಲಿಗೆ ಕೊಟ್ಟದ್ದು ಮೈಗೆ ಆಗಿಬರಲಿಲ್ಲ.

ಅವಳು ಒಂದು ಚಿಟಿಕೆ ಪುಡಿ ಕೇಳಿದಳು. ಮಾಲು ಹೊಗಳಿಯೇ ಹೊಟ್ಟೆ ಹೊರೆದವನಿಗೆ ಅದನ್ನು ತೆಗಳಲು ಬರಲಿಲ್ಲ. ಸೀಸೆಯ ಮೇಲಿನ ‘ಸಂಶೋಧನೆಗೆ ಮಾತ್ರ, ಮನುಷ್ಯರಿಗಲ್ಲ’ ಎಂಬ ಚೀಟಿ ತೋರಿಸಿದ. ಚೀಟಿಯಲ್ಲಿ ಬರೆದದ್ದೆಲ್ಲ ನಿಜವಾಗಿದ್ದರೆ ತಾನು ಹೊಲಿದ ಒಂದು ಬಟ್ಟೆಯೂ ಬಣ್ಣ ಬಿಡಬಾರದಿತ್ತು ಎಂದಳು. ಎಷ್ಟು ಕೊಡಬೇಕೆಂದು ಯಾರಿಗೂ ತಿಳಿಯದು ಎಂದ. ಇಲಿಗೆ ಕೊಟ್ಟಷ್ಟೇ ಕೊಡು, ನಾನೇನು ಆನೆಯೇ ಎಂದಳು.

“ಊರಿಗೆಲ್ಲ ಮಾರ್ತೀಯಲ್ಲೋ, ನಂಗೊಂದು ಚಿಟಿಕೆಗೆ ಗತಿ ಇಲ್ವಾ?”

ದಾರಿ ಕಾಣದೆ, ಆ ಪುಡಿಯನ್ನು ಇಲಿಗಳಿಗೆ ಕೊಟ್ಟು ನೋಡಿದ್ದ ಪ್ರಯೋಗಾಲಯದ ಮೇಡಂಗೆ ಫೋನು ಮಾಡಿದ. ಇಷ್ಟು ವರ್ಷ ಮಾರಿದರೂ ಕೇಳದಿದ್ದ ಮಾತು ಕೇಳಿದ: ಓಡಾಡಿದ ಆ ಇಲಿಗಳು ಆಮೇಲೆ ಏನಾದವು? ಪ್ರಯೋಗ ಮುಗಿದ ಕೂಡಲೇ ಎಲ್ಲವನ್ನೂ ಕೊಂದು, ಕೀಲು ಕೊಯ್ದು ನೋಡುತ್ತೇವೆ ಎಂದರು ಮೇಡಂ. ಬದುಕಿಸಿದ್ದರೆ ಹೃದಯಕ್ಕೋ ಮೂತ್ರಪಿಂಡಕ್ಕೋ ಏನಾಗುತ್ತಿತ್ತೋ ಗೊತ್ತಿಲ್ಲ. ಮನುಷ್ಯರಿಗೆ ಕೊಟ್ಟೀರಿ, ಜೋಕೆ ಎಂದೂ ಸೇರಿಸಿದರು.

ವ್ಯಾಜ್ಯ ಗೆದ್ದವನಂತೆ ಬಂದು ಅಕ್ಕನಿಗೆ ಅಷ್ಟನ್ನೂ ಒಪ್ಪಿಸಿದ. ಅವಳು ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು.

“ಸಾಯೋವಾಗ ನೋವಿರ್ಲಿಲ್ಲ ಅಲ್ವಾ ಅವಕ್ಕೆ? ಅಷ್ಟಾದ್ರೆ ಸಾಕು ಕಣೋ ನಂಗೆ.”

ಸಾಹುಕಾರ ಅಡುಗೆಮನೆಗೆ ನಡೆದ. ಫ್ರಿಜ್ಜು ತೆರೆದು, ಸೀಸೆಗಳನ್ನೆಲ್ಲ ಐಸಿನ ಡಬ್ಬಿಗೆ ತುಂಬಿ, ಇನ್ನು ಮಾಲು ಮನೆಯಲ್ಲಿರುವುದಿಲ್ಲ ಎಂದಷ್ಟೇ ಹೇಳಿ ಹೊರಟ. ಅಕ್ಕ ತಡೆಯಲಿಲ್ಲ. ಬಾಗಿಲು ಹಾಕಿಕೊಳ್ಳಲು ಹಿಂದೆಯೇ ಬಂದಳು. ಹೊರಗೆ ನಿಂತವನಿಗೆ ಒಳಗಿನ ಚಿಲಕ ಅವಳ ಕೈಯಿಂದ ಜಾರಿದ ಸದ್ದು ಕೇಳಿಸಿತು, ಮತ್ತೆ ಜಾರಿತು. ಡಬ್ಬಿಯನ್ನು ನೆಲಕ್ಕಿಟ್ಟು, ಬಾಗಿಲನ್ನು ತನ್ನ ಕಡೆಗೆ ಎಳೆದು ಹಿಡಿದ. ಚಿಲಕ ಬೀಳುವವರೆಗೂ ಬಿಡಲಿಲ್ಲ.